ಎತ್ತರದ ಪುಡಿ ಕೇಳುವ ಮೊದಲು: ಶಾಲೆಗೆ ಹೋಗುವ ಮಕ್ಕಳ ವಿಟಮಿನ್ ಡಿ ಲೆಕ್ಕ

ವಿಟಮಿನ್ ಡಿ ಎತ್ತರ ಬೆಳೆಸುವ ಔಷಧವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಜೂನ್‌ನಲ್ಲಿ ಶಾಲೆ ಶುರುವಾಗುತ್ತಿದ್ದಂತೆ ಹಳೇ ಹುಬ್ಬಳ್ಳಿಯ ನನ್ನ ಔಷಧ ಅಂಗಡಿಗೆ ಬರುವ ತಾಯಂದಿರ ಮಾತು ಒಂದೇ: “ಅಣ್ಣಾರೇ, ಪ್ರಾರ್ಥನೆಯ ಸಾಲಿನಲ್ಲಿ ನಮ್ಮ ಹುಡುಗನೇ ಎಲ್ಲರಿಗಿಂತ ಮುಂದೆ ನಿಲ್ಲುತ್ತಾನೆ. ವಿಟಮಿನ್ ಡಿ ಕೊಡಿ, ಸ್ವಲ್ಪ ಉದ್ದವಾಗಲಿ.” ಡಬ್ಬಿ ಮಾರಿದರೆ ಲಾಭ ನನಗೇ. ಆದರೆ ಡಬ್ಬಿ ಖಾಲಿಯಾದ ಮೇಲೂ ಹುಡುಗ ಅದೇ ಜಾಗದಲ್ಲಿ ನಿಂತಿದ್ದರೆ ಬೈಗುಳವೂ ನನಗೇ.

ಮಂಗೋಲಿಯಾದ ಉಲಾನ್‌ಬಾಟರ್ ನಗರದಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಅಲ್ಲಿಯ ಮಕ್ಕಳಲ್ಲಿ ವಿಟಮಿನ್ ಡಿ ಕೊರತೆ ತೀರಾ ಹೆಚ್ಚು. ಎಂಟು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ 14,000 ಯೂನಿಟ್ ವಿಟಮಿನ್ ಡಿಯನ್ನೂ ಇನ್ನೊಂದು ಗುಂಪಿಗೆ ಔಷಧವಿಲ್ಲದ ಗುಳಿಗೆಯನ್ನೂ ಮೂರು ವರ್ಷ ಕೊಟ್ಟರು. ಮೊದಲ ಗುಂಪಿನ ಮಕ್ಕಳ ರಕ್ತದಲ್ಲಿ ವಿಟಮಿನ್ ಮಟ್ಟ ಚೆನ್ನಾಗಿ ಏರಿತು. ಎತ್ತರದಲ್ಲಿ ಮಾತ್ರ ಎರಡೂ ಗುಂಪು ಸಮಸಮ.

ಹಾಗಾದರೆ ಇದು ಏತಕ್ಕೆ? ಮೂಳೆಗೆ. ದೇಹದಲ್ಲಿ ವಿಟಮಿನ್ ಡಿ ಇಲ್ಲದಿದ್ದರೆ, ತಿಂದ ಕ್ಯಾಲ್ಸಿಯಂನಲ್ಲಿ ಕರುಳು ಹೀರಿಕೊಳ್ಳುವುದು ನೂರಕ್ಕೆ ಹತ್ತು ಹದಿನೈದು ಭಾಗ ಮಾತ್ರ. ಸಾಕಷ್ಟು ಇದ್ದರೆ ಅದು ಮೂವತ್ತು ನಲವತ್ತಕ್ಕೆ ಏರುತ್ತದೆ. ಕೊರತೆ ಬಹಳ ದಿನ ಹಾಗೆಯೇ ಉಳಿದರೆ ಮೂಳೆ ಮೆತ್ತಗಾಗಿ, ಕಾಲು ಬಾಗಿ, ರಿಕೆಟ್ಸ್ ಆಗುತ್ತದೆ. ಆಗ ಬೆಳವಣಿಗೆಯೂ ಕುಂಠಿತವಾಗುತ್ತದೆ. ನಾವು ತಡೆಯಬೇಕಾದದ್ದು ಅದನ್ನು.

ಔಷಧದ ಮಾತಿಗೆ ಮುಂಚೆ ಮಗು ನಿಜವಾಗಿ ಬೆಳೆಯುತ್ತಿದೆಯೇ ಎಂದು ಅಳೆದು ನೋಡಿ. ಪಕ್ಕದ ಮನೆಯ ಹುಡುಗನ ಜೊತೆ ನಿಲ್ಲಿಸಿ ನೋಡುವುದು ಅಳತೆಯಲ್ಲ. ಬರಿಗಾಲಿನಲ್ಲಿ, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ. ಹುಡುಗಿಯರ ಜುಟ್ಟು ಬಿಚ್ಚಿಸಿ. ದಪ್ಪ ರಟ್ಟಿನ ಪುಸ್ತಕವನ್ನು ತಲೆಯ ಮೇಲೆ ಗೋಡೆಗೆ ನೇರವಾಗಿ ಒತ್ತಿ, ಪುಸ್ತಕದ ಕೆಳಗಿನ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಮುಂದಿನ ಅಳತೆ ಆರು ತಿಂಗಳ ನಂತರ, ಆದಷ್ಟು ದಿನದ ಅದೇ ಹೊತ್ತಿಗೆ. ಬೆಳಿಗ್ಗೆ ಎದ್ದಾಗ ಇದ್ದಷ್ಟು ಎತ್ತರ ಸಂಜೆಗೆ ಯಾರಿಗೂ ಇರುವುದಿಲ್ಲ. ಐದು ವರ್ಷದಿಂದ ಹರೆಯ ಶುರುವಾಗುವವರೆಗೆ ಮಕ್ಕಳು ವರ್ಷಕ್ಕೆ ಸುಮಾರು ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಅಪ್ಪ ಅಮ್ಮ ಗಿಡ್ಡವಿದ್ದು, ಮಗು ಗಿಡ್ಡವಾಗಿದ್ದರೂ ಈ ಗತಿಯಲ್ಲಿ ಬೆಳೆಯುತ್ತಿದ್ದರೆ ಸುಮ್ಮನೆ ಅಂಗಡಿಗೆ ಬರಬೇಡಿ. ವರ್ಷಕ್ಕೆ ನಾಲ್ಕು ಸೆಂಟಿಮೀಟರ್ ಕೂಡ ದಾಟದಿದ್ದರೆ ಮಕ್ಕಳ ವೈದ್ಯರ ಬಳಿ ಹೋಗಿ. ಥೈರಾಯ್ಡ್, ರಕ್ತಹೀನತೆ, ಹೊಟ್ಟೆಯ ತೊಂದರೆ, ಹೀಗೆ ಕಾರಣಗಳು ಅನೇಕ. ವಿಟಮಿನ್ ಡಿ ಕೊರತೆ ಅವುಗಳಲ್ಲಿ ಒಂದು ಮಾತ್ರ.

ಈಗ ಬಿಸಿಲಿನ ವಿಷಯ. “ನಮ್ಮೂರಲ್ಲಿ ಬಿಸಿಲಿಗೇನು ಬರ” ಎನ್ನುವವರೇ ಎಲ್ಲರೂ. ಬರವಿಲ್ಲ, ನಿಜ. ಆದರೆ ಮಕ್ಕಳು ಏಳೂವರೆಗೆ ಶಾಲೆಯ ವ್ಯಾನ್ ಹತ್ತುತ್ತಾರೆ, ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ, ಐದಕ್ಕೆ ಟ್ಯೂಷನ್. ನಡುವಿನ ಬಿಸಿಲು ಶಾಲೆಯ ಛಾವಣಿಯ ಮೇಲೆಯೇ ಉಳಿಯುತ್ತದೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಅತಿನೇರಳೆ ಬಿ ಕಿರಣಗಳು ಎಳೆಬಿಸಿಲಿನಲ್ಲಿ ಬಹಳ ಕಡಿಮೆ. ಕಿಟಕಿಯ ಗಾಜನ್ನು ಅವು ದಾಟುವುದೇ ಇಲ್ಲ. ಬೆಳಿಗ್ಗೆ ಏಳರ ಬಿಸಿಲಿನಲ್ಲಿ ಮಗುವನ್ನು ಕೂರಿಸಿ “ವಿಟಮಿನ್ ಡಿ ಆಯಿತು” ಎನ್ನುವವರಿಗೆ ಸಿಗುವುದು ಒಳ್ಳೆಯ ಗಾಳಿ, ಅಷ್ಟೇ.

ಯಾವ ಬಿಸಿಲು ಉಪಯುಕ್ತ ಎಂದು ತಿಳಿಯಲು ಯಂತ್ರ ಬೇಡ. ಮಗುವನ್ನು ಅಂಗಳದಲ್ಲಿ ನಿಲ್ಲಿಸಿ ನೆರಳು ನೋಡಿ. ನೆರಳು ಮಗುವಿಗಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಕೆಲಸಕ್ಕೆ ಬರುತ್ತದೆ. ನಮ್ಮ ಹುಬ್ಬಳ್ಳಿ ಧಾರವಾಡ ಇರುವುದು ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಡಿಸೆಂಬರ್ ಕೊನೆಯಲ್ಲಿ ಕೂಡ ಸುಮಾರು ಹನ್ನೊಂದರಿಂದ ಎರಡರವರೆಗೆ ನೆರಳು ಗಿಡ್ಡವಾಗಿಯೇ ಇರುತ್ತದೆ. ದೆಹಲಿಯಲ್ಲಿ ಆ ದಿನಗಳಲ್ಲಿ ನಡು ಮಧ್ಯಾಹ್ನವೂ ನೆರಳು ಆಳಿಗಿಂತ ಉದ್ದ. ಮಾರ್ಚ್ ಹೊತ್ತಿಗೆ ನಮ್ಮಲ್ಲಿ ಹತ್ತು ಗಂಟೆಗೇ ಈ ಬಿಸಿಲು ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಡುಹೊತ್ತಿನ ಉರಿಯಲ್ಲಿ ಮಕ್ಕಳನ್ನು ಬಿಡಬೇಡಿ. ಹತ್ತರ ಸುಮಾರಿನ ಬಿಸಿಲೇ ಸಾಕು.

ಎಷ್ಟು ಹೊತ್ತು? ಮೊಣಕೈ ಕೆಳಗಿನ ಭಾಗ, ಮುಖ, ಕಾಲು ತೆರೆದಿದ್ದರೆ ಇಪ್ಪತ್ತರಿಂದ ಮೂವತ್ತು ನಿಮಿಷ, ವಾರದಲ್ಲಿ ನಾಲ್ಕೈದು ದಿನ. ಬಣ್ಣ ಕಪ್ಪಗಿದ್ದಷ್ಟೂ ಸಮಯ ಹೆಚ್ಚು ಬೇಕು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೈದಾನಕ್ಕೆ ಬಿಡುವ ಶಾಲೆಯಾದರೆ ಅರ್ಧ ಕೆಲಸ ಮುಗಿದಂತೆ. ಪಾಲಕರ ಸಭೆಯಲ್ಲಿ ಅಂಕಗಳ ಬಗ್ಗೆ ಕೇಳುವವರು ಇದನ್ನೂ ಒಮ್ಮೆ ಕೇಳಿ. ಹುಡುಗಿಯರ ವಿಷಯದಲ್ಲಿ ನನಗೆ ಸಿಟ್ಟು ಬರುತ್ತದೆ. ಹನ್ನೆರಡು ತುಂಬುತ್ತಿದ್ದಂತೆ “ಇನ್ನು ಹೊರಗೆ ಆಡಬೇಡ” ಎಂದು ಒಳಗೆ ಕೂರಿಸುತ್ತಾರೆ. ಅವರ ಎಲುಬು ಅತಿ ವೇಗವಾಗಿ ಬೆಳೆಯುವ ಕಾಲವೇ ಅದು. ಮೈ ತುಂಬ ಬಟ್ಟೆ ತೊಡುವ ಮಕ್ಕಳಿಗೆ ಮನೆಯ ಮಾಳಿಗೆಯಾದರೂ ಇದೆ. ಹಪ್ಪಳ ಒಣಗಿಸುವ ಹೊತ್ತಿಗೆ ಕಾಯಲು ಅವರನ್ನೇ ಕಳಿಸಿ, ತೋಳು ಮಡಚಿಕೊಂಡು ಕೂರಲಿ. ಜುಲೈ, ಆಗಸ್ಟ್‌ನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಬಿಸಿಲನ್ನು ನಂಬಿ ಕೂರುವಂತಿಲ್ಲ.

ಊಟದಿಂದ ವಿಟಮಿನ್ ಡಿ ಸಿಗುತ್ತದೆಯೇ ಎಂದರೆ, ತೀರಾ ಕಡಿಮೆ. ಮಕ್ಕಳಿಗೆ ದಿನಕ್ಕೆ 600 ಯೂನಿಟ್ ಬೇಕು. ಒಂದು ಮೊಟ್ಟೆಯ ಹಳದಿಯಲ್ಲಿ ಇರುವುದು ಸುಮಾರು 40. ಮೊಟ್ಟೆಯಿಂದಲೇ ತುಂಬಿಸುತ್ತೇನೆ ಎಂದರೆ ದಿನಕ್ಕೆ ಹದಿನೈದು ಬೇಕಾಗುತ್ತದೆ! ಆದರೂ ಶಾಲೆಯಲ್ಲಿ ಮೊಟ್ಟೆ ತಿನ್ನುವ ಮಗುವನ್ನು ಕೇಳಿ ನೋಡಿ: ಹಳದಿ ತಿನ್ನುತ್ತೀಯೋ, ಬಿಸಾಡುತ್ತೀಯೋ? ವಿಟಮಿನ್ ಇರುವುದೆಲ್ಲ ಹಳದಿಯಲ್ಲೇ. ಹಾಲು, ಅಡುಗೆ ಎಣ್ಣೆ ಕೊಳ್ಳುವಾಗ ಪೊಟ್ಟಣದ ಮೇಲೆ ನೀಲಿ ಬಣ್ಣದ ‘ಪ್ಲಸ್ ಎಫ್’ (+F) ಗುರುತು ನೋಡಿ, ಪೋಷಕಾಂಶ ಬೆರೆಸಿದ್ದಾರೆ ಎಂದು ಅದರರ್ಥ. ಈ ಗುರುತಿನ ಹಾಲಿಗೆ ಲೀಟರಿಗೆ 200ರಿಂದ 300 ಯೂನಿಟ್ ವಿಟಮಿನ್ ಡಿ ಬೆರೆಸಿರುತ್ತಾರೆ. ಗಾಣದ ಕುಸುಬಿ ಎಣ್ಣೆ ರುಚಿಯಲ್ಲಿ ಮೇಲು, ಆದರೆ ಅದರಲ್ಲಿ ಇದು ಇರುವುದಿಲ್ಲ.

ಊಟದಿಂದ ನಾವು ನಿಜವಾಗಿ ತುಂಬಿಸಬಹುದಾದದ್ದು ಕ್ಯಾಲ್ಸಿಯಂ. ಅದಿಲ್ಲದೆ ವಿಟಮಿನ್ ಡಿ ಏನನ್ನು ಹೀರಿಸಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವಂತೆ ಏಳರಿಂದ ಒಂಬತ್ತು ವರ್ಷದವರಿಗೆ ದಿನಕ್ಕೆ 650 ಮಿಲಿಗ್ರಾಂ, ಹತ್ತರಿಂದ ಹನ್ನೆರಡರವರಿಗೆ 850, ಹದಿಮೂರರಿಂದ ಹದಿನೈದರವರಿಗೆ 1000. ನಮ್ಮ ಜೋಳದ ರೊಟ್ಟಿ ಈ ವಿಷಯದಲ್ಲಿ ಬಡವ: ನೂರು ಗ್ರಾಂ ಹಿಟ್ಟಿನಲ್ಲಿ ಮೂವತ್ತು ಮಿಲಿಗ್ರಾಂ ಕೂಡ ಇಲ್ಲ. ಅನ್ನ ಇನ್ನೂ ಬಡವ. ಅದೇ ನೂರು ಗ್ರಾಂ ರಾಗಿಯಲ್ಲಿ 350ರ ಹತ್ತಿರ. ರಾಗಿ ಬೆಂಗಳೂರು ಕಡೆಯವರ ಊಟ ಎಂದು ಮೂಗು ಮುರಿಯುವವರಿಗೆ ಹೇಳುವುದಿಷ್ಟು: ಮುದ್ದೆ ಬೇಡ, ಬೆಳಿಗ್ಗೆ ಒಂದು ಲೋಟ ಅಂಬಲಿ ಕೊಡಿ.

ಹತ್ತು ವರ್ಷದ ಮಗುವಿನ ಒಂದು ದಿನ ಹೀಗಿರಲಿ. ಒಂದು ದೊಡ್ಡ ಲೋಟ ಹಾಲು, ಸುಮಾರು 240 ಮಿಲಿಗ್ರಾಂ. ಐವತ್ತು ಗ್ರಾಂ ರಾಗಿ ಹಿಟ್ಟಿನ ಅಂಬಲಿ ಅಥವಾ ಗಂಜಿ, 180. ರೊಟ್ಟಿಯ ಜೊತೆ ಒಂದು ಬಟ್ಟಲು ಗಟ್ಟಿ ಮೊಸರು, ಹತ್ತಿರ ಹತ್ತಿರ 200. ರಾಜಗಿರಿ ಇಲ್ಲವೇ ಮೆಂತ್ಯ ಸೊಪ್ಪಿನ ಪಲ್ಯ ಒಂದು ಬಟ್ಟಲು, 150ರಿಂದ 200. ಮೇಲೆ ಎಳ್ಳು ಅಥವಾ ಗುರೆಳ್ಳಿನ ಚಟ್ನಿ. ಸಂಕ್ರಾಂತಿಗೆ ಎಳ್ಳು ಹಚ್ಚಿ ಮಾಡುವ ಸಜ್ಜೆ ರೊಟ್ಟಿಯನ್ನು ಉಳಿದ ತಿಂಗಳುಗಳಲ್ಲಿ ಮಾಡಬಾರದೆಂದು ಯಾರೂ ಹೇಳಿಲ್ಲ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಕ್ಷೀರಭಾಗ್ಯದ 150 ಮಿಲಿ ಹಾಲು ಸಿಗುತ್ತದೆ. ಮನೆಯಲ್ಲಿ ಅದನ್ನು ನೆಪ ಮಾಡಿಕೊಂಡು ಹಾಲಿನ ಬದಲು ಚಹಾ ಕೊಡಬೇಡಿ.

ಇನ್ನು ನನ್ನ ಕೌಂಟರಿನ ವಿಷಯ. ಇಲ್ಲಿಯೇ ಹೆಚ್ಚು ಎಚ್ಚರ ಬೇಕು.

60,000 ಯೂನಿಟ್‌ನ ಪುಡಿಯ ಪೊಟ್ಟಣ, ಅದೇ ಪ್ರಮಾಣದ ಪುಟ್ಟ ಬಾಟಲಿ ಎಲ್ಲ ಅಂಗಡಿಗಳಲ್ಲೂ ಇವೆ. ದಿನಕ್ಕೆ 600ರಂತೆ ಲೆಕ್ಕ ಹಾಕಿದರೆ ಒಂದು ಪೊಟ್ಟಣ ನೂರು ದಿನದ ಪಾಲು. ವೈದ್ಯರು ಇದನ್ನು ಸಾಮಾನ್ಯವಾಗಿ ವಾರಕ್ಕೆ ಒಂದರಂತೆ, ಇಷ್ಟೇ ವಾರ ಎಂದು ಬರೆದುಕೊಡುತ್ತಾರೆ. ಮನೆಗೆ ಹೋದ ಮೇಲೆ ‘ವಾರಕ್ಕೊಂದು’ ಎಂಬುದು ‘ದಿನಕ್ಕೊಂದು’ ಆಗುವುದನ್ನು ನಾನು ನೋಡಿದ್ದೇನೆ. ಆದ್ದರಿಂದ ಪೊಟ್ಟಣಗಳ ಮೇಲೆಯೇ ‘ಭಾನುವಾರ’ ಎಂದು ಸ್ಕೆಚ್ ಪೆನ್ನಿನಿಂದ ಬರೆದು ಕೊಡುತ್ತೇನೆ. ನೀವು ಬೇರೆಡೆ ಕೊಂಡರೆ ನೀವೇ ಬರೆದುಕೊಳ್ಳಿ. ಈ ವಿಟಮಿನ್ ಕೊಬ್ಬಿನಲ್ಲಿ ಕರಗುವಂಥದ್ದು, ಹೆಚ್ಚಾದದ್ದು ಮೂತ್ರದಲ್ಲಿ ಸುಲಭವಾಗಿ ಹೊರಹೋಗುವುದಿಲ್ಲ. ವಿಪರೀತವಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ, ಪದೇ ಪದೇ ಮೂತ್ರ ಶುರುವಾಗುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಬಿಸಿಲಿನಿಂದ ಹೀಗೆ ಅತಿಯಾಗುವುದಿಲ್ಲ, ಔಷಧದಿಂದ ಮಾತ್ರ.

ಕೊರತೆ ಇಲ್ಲದ, ಬಿಸಿಲು ಸಿಗದ ಮಗುವಿಗೆ ಮಳೆಗಾಲದಲ್ಲಿ ಕೊಡುವುದಾದರೆ ವೈದ್ಯರನ್ನು ಕೇಳಿ ದಿನಕ್ಕೆ 600 ಯೂನಿಟ್ ಸಾಕು. ಹನಿ ಔಷಧವಾದರೆ ಲೇಬಲ್ ಓದಿ: ಕೆಲವು ಬಾಟಲಿಗಳಲ್ಲಿ ಮಿಲಿಗೆ 400, ಕೆಲವುಗಳಲ್ಲಿ 800. ಕಂಪನಿ ಬದಲಾದರೆ ಅಳತೆಯೂ ಬದಲಾಗಬಹುದು. ಖಾಲಿ ಹೊಟ್ಟೆಯಲ್ಲಿ ಬೇಡ. ತುಪ್ಪವೋ ಹಾಲೋ ಇರುವ ಊಟದ ಜೊತೆ ಕೊಡಿ. ಶಾಲೆಯಲ್ಲಿ ಕಬ್ಬಿಣದ ಗುಳಿಗೆ ಕೊಡುವ ದಿನ ಕ್ಯಾಲ್ಸಿಯಂ ಗುಳಿಗೆಯನ್ನು ಅದರ ಜೊತೆಗೇ ನುಂಗಿಸಬೇಡಿ, ಎರಡು ಗಂಟೆ ಅಂತರವಿರಲಿ. ಅಣ್ಣನಿಗೆ ಬರೆದುಕೊಟ್ಟದ್ದನ್ನು ತಮ್ಮನಿಗೆ ಹಂಚಬೇಡಿ.

ವೈದ್ಯರ ಬಳಿ ಹೋಗಲೇಬೇಕಾದವರು: ಏಳೆಂಟು ವರ್ಷ ದಾಟಿದರೂ ಕಾಲು ಬಾಗಿದ ಅಥವಾ ಮೊಣಕಾಲು ಒಂದಕ್ಕೊಂದು ತಾಗುವ ಮಕ್ಕಳು, ಮಣಿಕಟ್ಟಿನ ಎಲುಬು ದಪ್ಪಗಾದವರು, ನೆಲದಿಂದ ಏಳಲು ಕೈ ಊರುವವರು, ಎಲುಬು ನೋವೆಂದು ದಿನವೂ ಹೇಳುವವರು. ಫಿಟ್ಸ್‌ಗೆ ಬಹುಕಾಲದಿಂದ ಗುಳಿಗೆ ನುಂಗುತ್ತಿರುವ, ಕ್ಷಯದ ಚಿಕಿತ್ಸೆಯಲ್ಲಿರುವ ಮಕ್ಕಳ ವಿಷಯವನ್ನೂ ವೈದ್ಯರಿಗೆ ನೆನಪಿಸಿ. ಆ ಔಷಧಗಳಲ್ಲಿ ಕೆಲವು ವಿಟಮಿನ್ ಡಿಯನ್ನು ಬೇಗ ಕರಗಿಸುತ್ತವೆ. ಶಾಲೆಗೆ ಬರುವ ಆರೋಗ್ಯ ತಪಾಸಣಾ ತಂಡದವರು ರಿಕೆಟ್ಸ್ ಲಕ್ಷಣವನ್ನೂ ನೋಡುತ್ತಾರೆ, ಆ ದಿನ ಮಗುವಿಗೆ ರಜೆ ಹಾಕಿಸಬೇಡಿ. ಸರ್ಕಾರಿ ಆಸ್ಪತ್ರೆಗಳಾದ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಗದಗಿನ ಜಿಮ್ಸ್‌ನಲ್ಲಿ ಮಕ್ಕಳ ವಿಭಾಗವಿದೆ.

ರಕ್ತ ಪರೀಕ್ಷೆ ಎಲ್ಲ ಮಕ್ಕಳಿಗೂ ಬೇಕಿಲ್ಲ. ಮಾಡಿಸಿದರೆ ವರದಿಯಲ್ಲಿ ದಪ್ಪಕ್ಷರ ಕಂಡು ಗಾಬರಿಯಾಗಬೇಡಿ: ಅನೇಕ ಲ್ಯಾಬ್‌ಗಳು 30ಕ್ಕಿಂತ ಕೆಳಗಿನದನ್ನೆಲ್ಲ ಕಡಿಮೆ ಎಂದು ಮುದ್ರಿಸುತ್ತವೆ. ಭಾರತೀಯ ಮಕ್ಕಳ ತಜ್ಞರ ಸಂಘದ ಪ್ರಕಾರ ಮಕ್ಕಳಿಗೆ ಮಿಲಿಲೀಟರಿಗೆ 20 ನ್ಯಾನೋಗ್ರಾಂ ದಾಟಿದರೆ ಸಾಕು. 12ಕ್ಕಿಂತ ಕೆಳಗಿದ್ದರೆ ಅದು ಕೊರತೆ. ಚಿಕಿತ್ಸೆ ಮುಗಿದ ಮೇಲೆ ಮರುಪರೀಕ್ಷೆ ಯಾವಾಗ ಎಂದು ವೈದ್ಯರೇ ಹೇಳುತ್ತಾರೆ, ಸಾಮಾನ್ಯವಾಗಿ ಮೂರು ತಿಂಗಳಿಗೆ. ಆಗ ಹಳೆಯ ವರದಿಯನ್ನೂ, ಗೋಡೆಯ ಅಳತೆ ಬರೆದುಕೊಂಡ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ರಕ್ತ ಕೊಡಿ.