ಓಟಕ್ಕೆ ಮುಂಚೆ ಉಪ್ಪು ಹಾಕಿದ ಗಂಜಿ ತಿಳಿ: ನನ್ನ ಅನುಭವ

ಈ ಏಪ್ರಿಲ್ ಸೆಖೆಯಲ್ಲಿ ಮಂಗಳೂರಿನ ಪಣಂಬೂರಿನಿಂದ ಹೊರಟು ಮುಕ್ಕ ದಾಟಿ ವಾಪಸ್ ಬಂದೆ, 21 ಕಿ.ಮೀ. ಒಮ್ಮೆಯೂ ಮೀನಖಂಡ ಹಿಡಿಯಲಿಲ್ಲ. ಹೋದ ವರ್ಷ ಇದೇ ರಸ್ತೆಯಲ್ಲಿ 16ನೇ ಕಿ.ಮೀ.ಗೆ ಎರಡೂ ಕಾಲು ಕಲ್ಲಾಗಿ ಆಟೋ ಹತ್ತಿದ್ದೆ. ಕಪ್ಪು ಟೀ ಶರ್ಟ್ ಒಣಗಿದಾಗ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಕಂಡದ್ದು ಅವತ್ತೇ.

ಬೆವರಲ್ಲಿ ಹೋದ ಉಪ್ಪು ತುಂಬಿಸೋಣ ಅಂತ ಅಲ್ಲಿಂದ ದುಡ್ಡು ಸುರಿದೆ. ನೀರಿಗೆ ಹಾಕಿದರೆ ನೊರೆ ಬರುವ ಮಾತ್ರೆ, ಸ್ಯಾಶೆ ಎಲ್ಲ ಸೇರಿ ತಿಂಗಳಿಗೆ ಹೆಚ್ಚುಕಡಿಮೆ 1,800 ರೂಪಾಯಿ. ಒಂದು ಮಾತ್ರೆಯಲ್ಲಿ ಸೋಡಿಯಂ ಸುಮಾರು 300 ಮಿ.ಗ್ರಾಂ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲೇ 390ರಷ್ಟು ಸಿಗುತ್ತದೆ! ಇದು ತಲೆಗೆ ಹೋದ ದಿನ ಮಾತ್ರೆ ಬಿಟ್ಟೆ.

‘ಸೀಯಾಳ ಸಾಕು ಮಾರಾಯ’ ಅಂದರು ಜೊತೆಯವರು. ಮೂರು ವಾರ ಬರೀ ಸೀಯಾಳದಲ್ಲಿ ಓಡಿದೆ. ಅದರಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ, ಬೆವರಲ್ಲಿ ಹೋಗುವ ಸೋಡಿಯಂ ಮಾತ್ರ ಕಡಿಮೆ. ಕಾಲು ಮತ್ತೆ ಹಿಡಿಯಿತು. ಬೆಲ್ಲದ ನೀರು ಹೊಟ್ಟೆಯಲ್ಲೇ ಕುಲುಕುತ್ತಾ ಕೂತಿತು, ಬೆಲ್ಲ ಜಾಸ್ತಿಯಾಗಿತ್ತು.

ಕೊನೆಗೆ ಹಿಡಿದದ್ದು ಕುಚ್ಚಲಕ್ಕಿ ಗಂಜಿಯ ತಿಳಿ. ‘ಜ್ವರ ಬಂದಿದೆಯಾ?’ ಅಂತ ಕೇಳಿದವರೇ ಹೆಚ್ಚು. ಮೊದಲ ಸಲ ಅಂದಾಜಿಗೆ ಅರ್ಧ ಚಮಚ ಉಪ್ಪು ಹಾಕಿದೆ, ನಾಲ್ಕನೇ ಕಿ.ಮೀ.ಗೇ ಹೊಟ್ಟೆ ಕೆಟ್ಟು ಮನೆಗೆ ಓಡಬೇಕಾಯಿತು. ಆಮೇಲೆ 400 ರೂಪಾಯಿ ಕೊಟ್ಟು ಚಿನ್ನ ತೂಗುವಂಥ ಪುಟ್ಟ ತಕ್ಕಡಿ ತಂದೆ. ಈ ಇಡೀ ಕೆಲಸದಲ್ಲಿ ದಂಡವಾಗದ ಖರ್ಚು ಅದೊಂದೇ.

ಓಡುವ ಮುಂಚೆ, ಓಡಿದ ಮೇಲೆ ಮೈ ತೂಕವನ್ನೂ ನೋಡಿದೆ. 62 ಕೆ.ಜಿ. ಇದ್ದವನು 15 ಕಿ.ಮೀ. ಮುಗಿಸಿದಾಗ 60.2. ದಾರಿಯಲ್ಲಿ ಕುಡಿದ 400 ಮಿ.ಲೀ. ಸೇರಿಸಿದರೆ ಒಂದೂವರೆ ಗಂಟೆಯಲ್ಲಿ ಎರಡು ಲೀಟರ್‌ಗೂ ಮಿಕ್ಕಿ ಬೆವರು!

ಈಗಿನ ಲೆಕ್ಕ: ಹೊರಡುವ ಎರಡು ಗಂಟೆ ಮುಂಚೆ 400 ಮಿ.ಲೀ. ತಿಳಿ, ಒಂದೂವರೆ ಗ್ರಾಂ ಉಪ್ಪು, ಚೂರು ಬೆಲ್ಲ, ಪುನರ್ಪುಳಿ (ಕೋಕಂ). ಗಟಗಟ ಕುಡಿಯಬಾರದು, ಅರ್ಧ ಗಂಟೆ ಎಳೆಯಬೇಕು. ಪುನರ್ಪುಳಿ ಯಾವಾಗ ಹಾಕಬೇಕು, ಎಷ್ಟು ಹೊತ್ತು ಬಿಡಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ, ರುಚಿ ಕೂತಿರುವುದೇ ಅದರಲ್ಲಿ. ಖರ್ಚು ದಿನಕ್ಕೆ ಮೂರು ರೂಪಾಯಿ ದಾಟುವುದಿಲ್ಲ.

ಬೆಂಗಳೂರಿಗೆ ಹೋಗಿ 10 ಕಿ.ಮೀ. ಓಡಿದಾಗ ಮುಂಜಾನೆ ಗಾಳಿ ಒಣಗಿತ್ತು, ಉಪ್ಪು ಅರ್ಧ ಮಾಡಿದೆ, ಸಾಕಾಯಿತು. ಊರಿನ ಮಳೆಗಾಲದಲ್ಲಿ ಹಾಗಲ್ಲ, ತಂಪಿದ್ದರೂ ಬೆವರು ಇಳಿಯುತ್ತಲೇ ಇರುತ್ತದೆ.

ಅವತ್ತು ಜ್ವರವಾ ಅಂತ ಕೇಳಿದವರಲ್ಲಿ ಇಬ್ಬರು ಈಗ ಶನಿವಾರ ರಾತ್ರಿ ಫೋನ್ ಮಾಡಿ ಅಳತೆ ಕೇಳುತ್ತಾರೆ. ಬಿಪಿ ಮಾತ್ರೆ ತಗೊಳ್ಳುವ ಹಿರಿಯರೊಬ್ಬರಿಗೆ ಮಾತ್ರ ಕೊಡಲಿಲ್ಲ, ಡಾಕ್ಟರನ್ನು ಕೇಳದೆ ಈ ಉಪ್ಪು ಮುಟ್ಟಬೇಡಿ ಅಂದೆ. 84 ಕೆ.ಜಿ. ತೂಗುವ ಗೆಳೆಯನಿಗೆ 500 ಮಿ.ಲೀ. ಕೊಟ್ಟು ನೋಡುತ್ತಿದ್ದೇನೆ. ಮೂರು ಭಾನುವಾರ ಆಯಿತು, ಅವನ ಕಾಲೂ ಇನ್ನೂ ಹಿಡಿದಿಲ್ಲ.