ಕಪ್ಪುಕುಳಿಯ ಗಾತ್ರ ಲೆಕ್ಕ ಹಾಕುವುದು ಹೇಗೆ?

ದ್ರವ್ಯರಾಶಿ ಕೊಟ್ಟು ಕಪ್ಪುಕುಳಿಯ ಗಾತ್ರ ಕೇಳಿದರೆ ಗಣಿತ ಚೆನ್ನಾಗಿ ಬಲ್ಲವರೂ ಎಡವುತ್ತಾರೆ. ನಿಜಕ್ಕೂ ಇದು ಬಾಯಿಲೆಕ್ಕ.

ಹಂತ 1: ದ್ರವ್ಯರಾಶಿಯನ್ನು ಸೂರ್ಯನ ಲೆಕ್ಕದಲ್ಲಿ ಬರೆದುಕೊಳ್ಳಿ. ಕಿಲೋಗ್ರಾಂ ಸಹವಾಸ ಬೇಡವೇ ಬೇಡ, ಸೊನ್ನೆ ಎಣಿಸುವುದರಲ್ಲೇ ಲೆಕ್ಕ ತಪ್ಪುತ್ತದೆ. ನಮ್ಮ ಗ್ಯಾಲಕ್ಸಿಯ ನಟ್ಟನಡುವೆ ಇರುವ ಕಪ್ಪುಕುಳಿ ಸುಮಾರು 43 ಲಕ್ಷ ಸೂರ್ಯರಷ್ಟು.

ಹಂತ 2: 3ರಿಂದ ಗುಣಿಸಿ, ಏಕೆಂದರೆ ಒಬ್ಬ ಸೂರ್ಯನಷ್ಟು ದ್ರವ್ಯರಾಶಿಗೆ ಸುಮಾರು 3 ಕಿ.ಮೀ. ತ್ರಿಜ್ಯ. ಸುಮಾರು 1.29 ಕೋಟಿ ಕಿ.ಮೀ. ತ್ರಿಜ್ಯ ಬಂತು. ಇನ್ನೂ ನಿಖರ ಬೇಕೆಂದರೆ 2.95 ಬಳಸಿ, ನಾನಂತೂ 3 ಬಿಡುವುದಿಲ್ಲ.

ಇಷ್ಟು ಸುಲಭ ಇರಲಾರದು ಎಂದುಕೊಂಡು ಜನ ಇಲ್ಲಿ ಸುಮ್ನೆ ಘನಮೂಲ ತೆಗೆಯಲು ಹೋಗುತ್ತಾರೆ. ಕಬ್ಬಿಣದ ಗುಂಡಿಗಾದರೆ ಅದು ಸರಿ: ಎಂಟು ಪಟ್ಟು ಕಬ್ಬಿಣ ಹಾಕಿದರೆ ತ್ರಿಜ್ಯ ಎರಡೇ ಪಟ್ಟು. ಕಪ್ಪುಕುಳಿಗೆ ಎಂಟು ಪಟ್ಟು ದ್ರವ್ಯರಾಶಿ ಬಂದರೆ ತ್ರಿಜ್ಯವೂ ಎಂಟು ಪಟ್ಟು. ಕಾರಣ, ನಾವು ಅಳೆಯುತ್ತಿರುವುದು ಬೆಳಕೂ ತಪ್ಪಿಸಿಕೊಳ್ಳಲಾಗದ ಗಡಿಯನ್ನು. ತಪ್ಪಿಸಿಕೊಳ್ಳಲು ಎಷ್ಟು ವೇಗ ಬೇಕು ಎಂಬುದು ದ್ರವ್ಯರಾಶಿಯನ್ನು ತ್ರಿಜ್ಯದಿಂದ ಭಾಗಿಸಿದಾಗ ಬರುವ ಅಂಕಿಯ ಮೇಲೆ ನಿಂತಿದೆ. ಬೆಳಕಿನ ವೇಗ ಬದಲಾಗದು, ಅಂದಮೇಲೆ ಗಡಿಯಲ್ಲಿ ಆ ಅಂಕಿಯೂ ಬದಲಾಗದು. ಒಂದು ಹೆಚ್ಚಿದಷ್ಟೇ ಇನ್ನೊಂದೂ ಹೆಚ್ಚಬೇಕು, ಅಲ್ವಾ? ಇದು ನ್ಯೂಟನ್ ಶೈಲಿಯ ವಾದ, ಕಪ್ಪುಕುಳಿಗೆ ಪೂರ್ತಿ ಒಗ್ಗುವಂಥದ್ದಲ್ಲ. ಆದರೆ ಐನ್‌ಸ್ಟೈನ್ ಸಮೀಕರಣಗಳಿಗೆ ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್ 1916ರಲ್ಲಿ ಪ್ರಕಟಿಸಿದ ಪರಿಹಾರದಿಂದಲೂ ಇದೇ ತ್ರಿಜ್ಯ ಸಿಗುತ್ತದೆ.

ಇದರ ಪರಿಣಾಮ ವಿಚಿತ್ರ. ಎಂ87 ಗ್ಯಾಲಕ್ಸಿಯ ಕಪ್ಪುಕುಳಿ ಸುಮಾರು 650 ಕೋಟಿ ಸೂರ್ಯರಷ್ಟು. ತ್ರಿಜ್ಯ 1,900 ಕೋಟಿ ಕಿ.ಮೀ.ಗೂ ಜಾಸ್ತಿ. ದ್ರವ್ಯರಾಶಿಯನ್ನು ಅಷ್ಟು ಜಾಗಕ್ಕೆ ಹಂಚಿ ನೋಡಿದರೆ, ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಗಿಂತ ಕಡಿಮೆ!

ಹಂತ 3: ವ್ಯಾಸ ಬೇಕಿದ್ದರೆ ದುಪ್ಪಟ್ಟು ಮಾಡಿ. ಹತ್ತು ದಶಮಾಂಶ ಕೊಟ್ಟು, ಉತ್ತರ ತ್ರಿಜ್ಯವೋ ವ್ಯಾಸವೋ ಹೇಳದ ಆನ್‌ಲೈನ್ ಕ್ಯಾಲ್ಕುಲೇಟರ್‌ಗಳನ್ನು ಮುಟ್ಟಬೇಡಿ.

ಹಂತ 4: ಕಪ್ಪುಕುಳಿ ತನ್ನ ಸುತ್ತ ತಾನೇ ತಿರುಗುತ್ತಿದ್ದರೆ ಗಡಿ ಒಳಗೆ ಸರಿಯುತ್ತದೆ. ತಿರುಗುವಿಕೆ ಗರಿಷ್ಠ ಮಿತಿಗೆ ಮುಟ್ಟಿದರೆ ತ್ರಿಜ್ಯ ಅರ್ಧ.

2019ರಲ್ಲಿ ಬಿಡುಗಡೆಯಾದ ಎಂ87 ಕಪ್ಪುಕುಳಿಯ ಫೋಟೋಗೆ ಸ್ಕೇಲ್ ಹಿಡಿದು ಉತ್ತರ ತಾಳೆ ನೋಡುವವರೂ ಇದ್ದಾರೆ. ಆ ನಡುವಿನ ಕಪ್ಪು ಭಾಗ ಕಪ್ಪುಕುಳಿಯ ನೆರಳು. ಹತ್ತಿರ ಹಾಯುವ ಬೆಳಕು ಬಾಗಿ ಒಳಗೆ ಬೀಳುವುದರಿಂದ ಅದು ಗಡಿಗಿಂತ ಅಗಲವಾಗಿ ಕಾಣುತ್ತದೆ. ತಿರುಗದ ಕಪ್ಪುಕುಳಿಗೆ ಸುಮಾರು 2.6 ಪಟ್ಟು. ಅಳತೆಯನ್ನು ಮೊದಲು ಅದರಿಂದ ಭಾಗಿಸಿ, ಆಮೇಲೆ ಹೋಲಿಸಿ.