ಮೆಣಸಿನಕಾಯಿ ಅಂಗಡಿಯಿಂದ ಸಂಸ್ಥೆಯ ಲೆಕ್ಕಕ್ಕೆ

ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಲೆಕ್ಕ ಬರೆದವನು ನಾನು. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಆ ಎರಡು ದಿನ ಊಟಕ್ಕೂ ಪುರಸೊತ್ತು ಇರುತ್ತಿರಲಿಲ್ಲ. ಘಾಟು, ಸೀನು, ತೂಕದ ಚೀಟಿ, ಹಮಾಲರ ಕೂಲಿ. ಅದನ್ನು ಬಿಟ್ಟು ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಗೆ ಲೆಕ್ಕ ಬರೆಯಲು ಹೋಗುತ್ತೇನೆ ಎಂದಾಗ ಅವ್ವ ಕೇಳಿದ್ದು ಒಂದೇ ಮಾತು: “ಸೇವಾ ಅಂತಿ, ಪಗಾರ ಕೊಡ್ತಾರೇನು?”

ಕೊಡುತ್ತಾರೆ. ವಿಜಯನಗರದ ಪಿ.ಜಿ., ಮೆಟ್ರೋ ಕಾರ್ಡು, ರವಿವಾರ ಖಾನಾವಳಿಯಲ್ಲಿ ಒಂದು ರೊಟ್ಟಿ ಊಟ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ.

ಸಂಸ್ಥೆಯ ಕೆಲಸ ಕಟ್ಟಡ ಕಾರ್ಮಿಕರ ಮಕ್ಕಳ ಜೊತೆ. ತಗಡಿನ ಶೆಡ್ಡುಗಳ ನಡುವೆ ಸಂಜೆ ಪಾಠ, ಸಣ್ಣವರಿಗೆ ಹಗಲು ಆರೈಕೆ. ನನ್ನದು ಮಾತ್ರ ಕಚೇರಿ ಮೂಲೆಯ ಟೇಬಲ್ಲು. ಅಂಗಡಿಯಲ್ಲಿ ಬರೆದದ್ದೂ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ, ಇಲ್ಲೂ ಟ್ಯಾಲಿಯೇ, ಇನ್ನೇನು ಅಂದುಕೊಂಡಿದ್ದೆ.

ಎರಡನೇ ವಾರವೇ ಎಡವುತ್ತಿದ್ದೆ. ಒಂದು ಖಾತೆಯಲ್ಲಿ ದುಡ್ಡು ಕಡಿಮೆ ಇತ್ತು, ಶಿಕ್ಷಕಿಯರ ಗೌರವಧನ ಕೊಡುವುದಿತ್ತು. ಇನ್ನೊಂದು ಖಾತೆಯಲ್ಲಿ ದುಡ್ಡು ಸುಮ್ನೆ ಬಿದ್ದಿತ್ತು. ಅಲ್ಲಿಂದ ಇಲ್ಲಿಗೆ 18,000 ರೂಪಾಯಿ ಹಾಕಿ, ಮುಂದಿನ ವಾರ ತಿರುಗಿಸಿದರಾಯಿತು ಅಂದುಕೊಂಡು ಬ್ಯಾಂಕಿನ ಪುಟ ತೆರೆದೆ. ದಲಾಲಿ ಅಂಗಡಿಯಲ್ಲಿ ದಿನಾ ಮಾಡುತ್ತಿದ್ದ ಕೆಲಸ. ಗಲ್ಲಾಪೆಟ್ಟಿಗೆಗೆ ಬಿದ್ದ ಮೇಲೆ ರೊಕ್ಕ ಯಾರದು ಅಂತ ಯಾರು ಕೇಳುತ್ತಾರೆ? ಪಕ್ಕದಲ್ಲಿದ್ದ ಹಿರಿಯ ಮೇಡಂ ಪರದೆ ನೋಡಿ, “ಮೌಸ್ ಮೇಲಿಂದ ಕೈ ತೆಗೀರಿ” ಅಂದರು. ಮೆಲ್ಲಗೆ, ಆದರೆ ಖಡಕ್ಕಾಗಿ.

ದುಡ್ಡು ಕಡಿಮೆ ಇದ್ದದ್ದು ವಿದೇಶಿ ದೇಣಿಗೆಯ ಖಾತೆಯಲ್ಲಿ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಅದರೊಳಗೆ ಸ್ಥಳೀಯ ದುಡ್ಡಿನ ಒಂದು ರೂಪಾಯಿಯೂ ಬೆರೆಯಬಾರದು. 2020ರ ತಿದ್ದುಪಡಿ ಆದ ಮೇಲೆ ಆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬಂದು, ಅಲ್ಲಿಂದ ನಮ್ಮ ಕಡೆ ಬರಬೇಕು. ಅದರಲ್ಲಿ ಆಡಳಿತ ಖರ್ಚಿಗೆ ಶೇ 50ರ ತನಕ ಇದ್ದ ಮಿತಿಯನ್ನು ಶೇ 20ಕ್ಕೆ ಇಳಿಸಿದ್ದಾರೆ. ನನ್ನ ಒಂದು ಕ್ಲಿಕ್ಕಿನಿಂದ ಸಂಸ್ಥೆಯ ನೋಂದಣಿಗೇ ಕುತ್ತು ಬರಬಹುದಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ನಾನೇ ಒಂದು ಪದ್ಧತಿ ಮಾಡಿಕೊಂಡೆ. ದಾನಿಗೊಂದು ಬಣ್ಣದ ಫೈಲು. ಬಿಲ್ಲು ಕೈಗೆ ಬಂದ ಕೂಡಲೇ, ಟ್ಯಾಲಿ ಮುಟ್ಟುವ ಮೊದಲು, ಅದರ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಎರಡು ಮಾತು: ಯಾರ ದುಡ್ಡು, ಯಾವ ಹೆಡ್ಡು (ಅಂದರೆ ಯಾವ ಬಾಬ್ತಿನ ಖರ್ಚು). ಒಂದು ಕಂಪನಿ ಸಾಮಾಜಿಕ ಹೊಣೆ ಅಂತ ಕೊಡುವ ಸಿಎಸ್‌ಆರ್ ದುಡ್ಡಿನಲ್ಲಿ ಶಿಕ್ಷಕಿಯ ಗೌರವಧನ ಕೊಡಬಹುದು, ಕಚೇರಿ ಬಾಡಿಗೆ ಕೊಡುವಂತಿಲ್ಲ. ಇನ್ನೊಬ್ಬರು ಪುಸ್ತಕಕ್ಕೆ ಕೊಟ್ಟಿರುತ್ತಾರೆ, ಪುಸ್ತಕ ಇಡುವ ಕಪಾಟಿಗೆ ಅಲ್ಲ. (ಕಪಾಟಿಲ್ಲದೆ ಪುಸ್ತಕ ಎಲ್ಲಿಡುವುದು ಅಂತ ಕೇಳಬೇಡಿ. ನಾನು ಕೇಳಿ ನೋಡಿದ್ದೇನೆ.) ತಿಂಗಳ ಕೊನೆಗೆ ಬದಲು ಪ್ರತಿ ಶುಕ್ರವಾರ ಹೆಡ್ಡುವಾರು ಬಾಕಿ ನೋಡುತ್ತೇನೆ. ಮಾರ್ಚ್ 31ರ ಹೊತ್ತಿಗೆ ದಾನಿಯ ದುಡ್ಡು ಯಾವುದಕ್ಕೆ ಖರ್ಚಾಯಿತು ಎಂದು ತೋರಿಸುವ ಬಳಕೆ ಪ್ರಮಾಣಪತ್ರ ಬರೆಯುವಾಗ ಇದರ ಬೆಲೆ ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು 5,000 ರೂಪಾಯಿ ನಗದು ತಂದು, ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯಲು ಬೇಕಾದ 80ಜಿ ರಸೀದಿ ಕೇಳಿದರು. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂದು ಹೇಳಬೇಕಾಯಿತು. ಅವರು ಮರುದಿನ ಚೆಕ್ ಹಿಡಿದು ಬಂದರು. ಎರಡು ಬಸ್ಸು ಬದಲಿಸಿ.

ನಿಜವಾದ ಜಗಳ ಆದದ್ದು ಬಾಳೆಹಣ್ಣಿಗೆ. ಥಣಿಸಂದ್ರ ಕಡೆಯ ಕೇಂದ್ರದ ಶಿಕ್ಷಕಿ ತಿಂಗಳ ಹಣ್ಣಿನ ಖರ್ಚು ಕಳಿಸಿದ್ದರು, ಒಂದೂ ಬಿಲ್ಲಿಲ್ಲ. ವಾಪಸ್ ಕಳಿಸಿದೆ. ಅವರು ಫೋನ್ ಮಾಡಿ, “ಸರ್, ತಳ್ಳುಗಾಡಿಯವಳ ಹತ್ರ ಬಿಲ್ ಬುಕ್ ಎಲ್ಲಿರುತ್ತೆ? ನೀವೇ ಬಂದು ನೋಡಿ” ಅಂದರು. ಸಿಟ್ಟಿನಲ್ಲೇ ಹೋದೆ. ಶೆಡ್ಡಿನ ಮಕ್ಕಳಲ್ಲಿ ಅರ್ಧದಷ್ಟು ಯಾದಗಿರಿ, ರಾಯಚೂರಿನವು. ನನ್ನ ಮಾತು ಕೇಳಿ ಒಬ್ಬ ಹುಡುಗ, “ಇವ್ರು ನಮ್ಮ ಕಡಿಯೋರು” ಅಂತ ಎಲ್ಲರಿಗೂ ಸಾರಿದ. ಹಣ್ಣು ಎಣಿಸಿ ಹಂಚುವುದನ್ನು ಅವತ್ತು ಕಣ್ಣಾರೆ ಕಂಡೆ. ಶಿಕ್ಷಕಿಯ ಲೆಕ್ಕದಲ್ಲಿ ಒಂದು ಹಣ್ಣೂ ತಪ್ಪಿರಲಿಲ್ಲ.

ನಮ್ಮ ಆಡಿಟರ್ ಜೊತೆ ಮಾತಾಡಿ ಬಿಲ್ಲಿನ ಬದಲಿಗೆ ಒಂದು ಸಣ್ಣ ಓಚರ್, ಅಂದರೆ ಖರ್ಚಿನ ಚೀಟಿ, ಅಚ್ಚು ಹಾಕಿಸಿದೆ. ದಿನಾಂಕ, ಏನು ಕೊಂಡದ್ದು, ಎಷ್ಟು, ಮಾರಿದವರ ಸಹಿ ಅಥವಾ ಹೆಬ್ಬೆಟ್ಟು, ಹಿಂದೆ ಮಕ್ಕಳ ಹಾಜರಿ ಸಂಖ್ಯೆ. ಎಲ್ಲಾ ಕನ್ನಡದಲ್ಲಿ. ಮೊದಲ ಓಚರ್ ಹಿಡಿದು ನಾನೇ ತಳ್ಳುಗಾಡಿಯ ಅಕ್ಕನ ಹತ್ತಿರ ಹೋದೆ.

ಅವಳು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. “ಇದಕ್ಕ ಸಹಿ ಹಾಕಿದ್ರ ನನ್ನ ರೇಷನ್ ಕಾರ್ಡ್ ಹೋಗ್ತದೇನ್ರೀ?”

ಹೋಗುವುದಿಲ್ಲ ಎಂದು ನಂಬಿಸಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ನಾಲ್ಕು ಗಿರಾಕಿ ವಾಪಸ್ ಹೋದರು ಅಂತ ನನ್ನಿಂದ ಒಂದು ಡಜನ್ ಹಣ್ಣು ಕೊಳ್ಳಿಸಿದಳು. ಅದಕ್ಕೆ ಓಚರ್ ಬರೆಯಲಿಲ್ಲ.